ಚಕ್ರ ಎತ್ತಬೇಡಿ, ಕಾರನ್ನು ಇಳಿಸಿ

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 44 ವರ್ಷ. ಊರು ದಾವಣಗೆರೆ, ಒಂಬತ್ತು ವರ್ಷದಿಂದ ಜರ್ಮನಿಯ ಬೋಬ್ಲಿಂಗೆನ್‌ನಲ್ಲಿದ್ದೇನೆ. ಮನೆಯಲ್ಲಿ ಎರಡು ಕಾರು, ಒಂದು ಗಾಲ್ಫ್, ಇನ್ನೊಂದು ಎಸ್‌ಯುವಿ. ಅಕ್ಟೋಬರ್‌ನಲ್ಲಿ ಚಳಿಗಾಲದ ಚಕ್ರ, ಈಸ್ಟರ್ ಆದ ಮೇಲೆ ಬೇಸಿಗೆಯ ಚಕ್ರ, ಎರಡೂ ಸಲ ನಾನೇ ಒಂದು ಶನಿವಾರ ಕೂತು ಬದಲಾಯಿಸುತ್ತೇನೆ. ಚಕ್ರಗಳನ್ನು ಇಡುವುದು ಕಟ್ಟಡದ ಕೆಲ್ಲರ್‌ನಲ್ಲಿ, ಅಂದರೆ ನೆಲಮಾಳಿಗೆಯಲ್ಲಿ. ಎರಡು ವರ್ಷದಿಂದ ಪ್ರತಿ ಸಲವೂ ಮಾರನೇ ದಿನ ಸೊಂಟ ಹಿಡಿದುಕೊಳ್ಳುತ್ತಿದೆ. ನಾಲ್ಕೈದು ದಿನ ಶೂ ಲೇಸು ಕಟ್ಟಲೂ ಆಗುವುದಿಲ್ಲ. ಮಂಡಿ ಮಡಚಿಯೇ ಎತ್ತುತ್ತೇನೆ, ಸೊಂಟಕ್ಕೆ ಬೆಲ್ಟ್ ಕೂಡ ತಗೊಂಡಿದ್ದೇನೆ. ನನ್ನಾಕೆ ‘ಗ್ಯಾರೇಜಿಗೆ ಕೊಡಿ, ಯಾಕೆ ಒದ್ದಾಡ್ತೀರಿ’ ಅನ್ನುತ್ತಾಳೆ. ಈ ಸಲ 71 ವರ್ಷದ ನಮ್ಮಪ್ಪ ಬರುತ್ತಿದ್ದಾರೆ, ‘ನಾನೂ ಕೈ ಹಾಕ್ತೀನಿ’ ಅಂತ ಈಗಲೇ ಫೋನಿನಲ್ಲಿ ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಮನೆಯವರ ಮಾತಿಗೆ ಉತ್ತರ ಕೊಟ್ಟುಬಿಡುತ್ತೇನೆ. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ನಾನೂ ಇರುವುದು ಜರ್ಮನಿಯಲ್ಲೇ, ಇಲ್ಲಿ ಒಂದು ಕಾರಿನ ನಾಲ್ಕು ಚಕ್ರ ಬದಲಾಯಿಸಲು ಸಾಮಾನ್ಯವಾಗಿ 30ರಿಂದ 60 ಯೂರೊ ಆಸುಪಾಸು ತೆಗೆದುಕೊಳ್ಳುತ್ತಾರೆ. ನಾಲ್ಕೈದು ದಿನದ ಸೊಂಟನೋವಿನ ಮುಂದೆ ಅದು ದೊಡ್ಡ ದುಡ್ಡಲ್ಲ. ನೋವು ಸೊಂಟದಲ್ಲೇ ನಿಲ್ಲದೆ ಕಾಲಿಗೆ ಇಳಿಯುತ್ತಿದ್ದರೆ, ಅದರಲ್ಲೂ ಮಂಡಿ ದಾಟಿ ಕೆಳಗೆ ಬರುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ, ಈ ವರ್ಷ ಚರ್ಚೆಯೇ ಬೇಡ. ಗ್ಯಾರೇಜಿಗೆ ಕೊಡಿ, ನೀವು ಡಾಕ್ಟರ ಹತ್ತಿರ ಹೋಗಿ. ಪಾದ ಎತ್ತಿ ಇಡಲು ಆಗದಿದ್ದರೆ, ತೊಡೆಸಂದಿಯ ಸುತ್ತ ಸ್ಪರ್ಶ ಗೊತ್ತಾಗದಿದ್ದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲು ಆಗದಿದ್ದರೆ ಮಾರನೇ ದಿನಕ್ಕೂ ಕಾಯುವಂತಿಲ್ಲ. ಅವತ್ತೇ, ಆಗಲೇ ಆಸ್ಪತ್ರೆ.

ಆದರೆ ನಿಮ್ಮ ಕಾಗದ ಓದಿದರೆ ಹಾಗೆ ಕಾಣುವುದಿಲ್ಲ. ನಾಲ್ಕೈದು ದಿನ ಬಿಗಿತ, ಆಮೇಲೆ ತಾನೇ ಸರಿಹೋಗುತ್ತದೆ. ಇದು ಕೆಟ್ಟುಹೋದ ಬೆನ್ನಲ್ಲ, ಒಂದೇ ದಿನ ಬೇಕಾದ್ದಕ್ಕಿಂತ ಜಾಸ್ತಿ ದುಡಿಸಿಕೊಂಡ ಬೆನ್ನು. ಹಾಗಾಗಿ ಕೆಲಸ ಬಿಡಬೇಕಿಲ್ಲ, ಮಾಡುವ ರೀತಿ ಬದಲಾಯಿಸಿದರೆ ಸಾಕು.

ಊರಿನಲ್ಲಿ ಓದುತ್ತಿರುವವರಿಗೆ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ವರ್ಷಕ್ಕೆರಡು ಸಲ ಚಕ್ರ ಬಿಚ್ಚುವ ಈ ಉಸಾಬರಿ ಯಾಕೆ ಅಂತ ಅನ್ನಿಸಬಹುದು. ನಮ್ಮ ಕಡೆ ಚಕ್ರ ಬಿಚ್ಚುವುದು ಪಂಚರ್ ಆದಾಗ ಮಾತ್ರ, ಆಗಲೂ ಸ್ಟೆಪ್ನಿ ಹಾಕಿಕೊಡಲು ಯಾರಾದರೂ ಹುಡುಗ ಸಿಕ್ಕೇ ಸಿಗುತ್ತಾನೆ. ಇಲ್ಲಿ ಹಾಗಲ್ಲ. ಬೇಸಿಗೆ ಟೈರಿನ ರಬ್ಬರು ಚಳಿಗೆ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ, 7 ಡಿಗ್ರಿಗಿಂತ ಕೆಳಗಿಳಿದರೆ ಬದಲಾಯಿಸಿ ಎನ್ನುವುದು ಎಲ್ಲರೂ ಹೇಳುವ ಅಂದಾಜು ಲೆಕ್ಕ. ಜರ್ಮನಿಯಲ್ಲಿ ಇಂಥದ್ದೇ ತಾರೀಖು ಅಂತ ಕಾನೂನಿಲ್ಲ, ಆದರೆ ಹಿಮ ಅಥವಾ ಮಂಜುಗಡ್ಡೆ ಇರುವ ರಸ್ತೆಯಲ್ಲಿ ಚಳಿಗಾಲದ ಟೈರ್ ಇಲ್ಲದೆ ಓಡಿಸಿದರೆ ಕನಿಷ್ಠ 60 ಯೂರೊ ದಂಡ, ಜೊತೆಗೆ ಲೈಸೆನ್ಸಿನ ಲೆಕ್ಕಕ್ಕೆ ಒಂದು ಪಾಯಿಂಟು. 2024ರ ಅಕ್ಟೋಬರ್ 1ರಿಂದ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರ ಇರುವ ಟೈರ್ ಮಾತ್ರ ಲೆಕ್ಕಕ್ಕೆ. ಕೆನಡಾದ ಕ್ವಿಬೆಕ್‌ನಲ್ಲಂತೂ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಡ್ಡಾಯ. ಜರ್ಮನರು ‘ಓ ದಿಂದ ಓ ವರೆಗೆ’ ಅನ್ನುತ್ತಾರೆ, ಒಕ್ಟೋಬರ್‌ನಿಂದ ಓಸ್ಟರ್ನ್, ಅಂದರೆ ಈಸ್ಟರ್‌ವರೆಗೆ. ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೂ ಅದೇ ಕ್ಯಾಲೆಂಡರು. ಅಕ್ಟೋಬರ್ ಕೊನೆಗೆ ಒಂದು ಅಲೆ, ಈಸ್ಟರ್ ಆದ ಮೇಲೆ ಇನ್ನೊಂದು ಅಲೆ, ಎಲ್ಲರೂ ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡೇ ಒಳಗೆ ಬರುತ್ತಾರೆ.

ಈಗ ನಿಮ್ಮ ಶನಿವಾರದ ಲೆಕ್ಕ ನೋಡೋಣ. ಎರಡು ಕಾರು, ಎಂಟು ಚಕ್ರ. ಎಂಟು ಕೆಲ್ಲರ್‌ನಿಂದ ಮೇಲೆ ಬರಬೇಕು, ಬಿಚ್ಚಿದ ಎಂಟು ಕೆಳಗೆ ಹೋಗಬೇಕು, ಅಲ್ಲಿಗೆ ಹದಿನಾರು. ಎಂಟನ್ನು ಕಾರಿನಿಂದ ಇಳಿಸಬೇಕು, ಎಂಟನ್ನು ಏರಿಸಬೇಕು, ಮತ್ತೆ ಹದಿನಾರು. ಗಾಲ್ಫಿನ ಚಕ್ರ ರಿಮ್ಮಿನ ಸಮೇತ 18-20 ಕೆ.ಜಿ. ಬರುತ್ತದೆ, ಎಸ್‌ಯುವಿಯದು 25ರ ಮೇಲೇ ಇರಬಹುದು. ಬಾತ್‌ರೂಮಿನ ತೂಕದ ಯಂತ್ರದ ಮೇಲೆ ಒಂದು ಸಲ ಇಟ್ಟು ನೋಡಿ. ಸರಾಸರಿ 20 ಅಂತಿಟ್ಟುಕೊಂಡರೂ 32 ಸಲಕ್ಕೆ 640 ಕೆ.ಜಿ. ವಾರವಿಡೀ ಕಂಪ್ಯೂಟರ್ ಮುಂದೆ ಕೂರುವವರು ಒಂದು ಬೆಳಿಗ್ಗೆ 640 ಕೆ.ಜಿ. ಎತ್ತಿಳಿಸಿದರೆ ಸೊಂಟ ಸುಮ್ನೆ ಇರುತ್ತದಾ?

ತೂಕಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ, ಆ ತೂಕ ಮೈಯಿಂದ ಎಷ್ಟು ದೂರದಲ್ಲಿದೆ ಎನ್ನುವುದು. ಇದಕ್ಕೆ ನಮ್ಮೂರಿನದೇ ಒಂದು ಪ್ರಯೋಗ ಹೇಳುತ್ತೇನೆ (ನಮ್ಮೂರು ಅಂದರೆ ಈಗ ಉಲ್ಮ್, ಹುಟ್ಟಿದ್ದು ತಿಪಟೂರು). ಉಲ್ಮ್ ವಿಶ್ವವಿದ್ಯಾಲಯದ ಹಾನ್ಸ್-ಯೋವಾಖಿಮ್ ವಿಲ್ಕೆ ಮತ್ತು ಅವರ ಜೊತೆಯವರು ಆರೋಗ್ಯವಂತನಾದ ಒಬ್ಬ ವ್ಯಕ್ತಿಯ ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಯ ನಡುವೆ ಮೆತ್ತೆಯ ಹಾಗಿರುವ ಡಿಸ್ಕಿನೊಳಗೆ ಒತ್ತಡ ಅಳೆಯುವ ಸಣ್ಣ ಸಾಧನ ಇಟ್ಟು, ಆತ ನಿಂತಾಗ, ಕೂತಾಗ, ಮಲಗಿದಾಗ, ಭಾರ ಎತ್ತಿದಾಗ ಎಷ್ಟೆಷ್ಟು ಒತ್ತಡ ಅಂತ ಬರೆದುಕೊಂಡರು. 1999ರಲ್ಲಿ ಅದು ಪ್ರಕಟವಾಯಿತು. ನಮ್ಮ ಅದೃಷ್ಟಕ್ಕೆ ಅವರು ಎತ್ತಿಸಿದ್ದು ಸರಿಯಾಗಿ 20 ಕೆ.ಜಿ., ನಿಮ್ಮ ಒಂದು ಚಕ್ರ.

ಟೈರಿನ ಭಾಷೆಯಲ್ಲೇ ಹೇಳುತ್ತೇನೆ. ನಿಮ್ಮ ಟೈರಿನಲ್ಲಿ ಸುಮಾರು 2.5 ಬಾರ್ ಒತ್ತಡದ ಗಾಳಿ ಇರುತ್ತದೆ, ಅಲ್ವಾ? ಆ ಮನುಷ್ಯ ಸುಮ್ಮನೆ ನಿಂತಾಗ ಡಿಸ್ಕಿನಲ್ಲಿ 5 ಬಾರ್ ಇತ್ತು. ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ 20 ಕೆ.ಜಿ. ಎತ್ತಿದಾಗ 23 ಬಾರ್. ಮಂಡಿ ಮಡಚಿ ಎತ್ತಿದಾಗ 17. ಎದೆಗೆ ಅಪ್ಪಿ ಹಿಡಿದು ನಿಂತಾಗ 11. ಅದೇ 20 ಕೆ.ಜಿ.ಯನ್ನು ಎದೆಯಿಂದ 60 ಸೆಂ.ಮೀ. ದೂರ ಹಿಡಿದು ನಿಂತಾಗ 18. ಒಬ್ಬನೇ ಮನುಷ್ಯನ ಅಳತೆ ಇದು, ನಿಮ್ಮ ಡಿಸ್ಕಿನಲ್ಲೂ ಇಷ್ಟೇ ಬರುತ್ತದೆ ಅಂತಲ್ಲ. ಆದರೆ ಯಾವುದು ಜಾಸ್ತಿ, ಯಾವುದು ಕಡಿಮೆ ಎನ್ನುವುದು ಗೊತ್ತಾಗುತ್ತದೆ. ಮಂಡಿ ಮಡಚಿ ಎತ್ತಿದ್ದಕ್ಕಿಂತ, ನೆಟ್ಟಗೆ ನಿಂತು ದೂರ ಹಿಡಿದದ್ದೇ ತುಸು ಹೆಚ್ಚು!

ನೀವು ಮಂಡಿ ಮಡಚಿಯೂ ನೋವು ತಿಂದದ್ದಕ್ಕೆ ಕಾರಣ ಇಲ್ಲಿದೆ. ಗಾಲ್ಫಿನ 205/55 ಆರ್16 ಟೈರಿನ ಅಡ್ಡಳತೆ 63 ಸೆಂ.ಮೀ. ಅಷ್ಟು ದೊಡ್ಡದನ್ನು ಎರಡು ಮಂಡಿಯ ನಡುವೆ ತಂದುಕೊಳ್ಳಲು ಆಗುವುದಿಲ್ಲ. ಮಂಡಿ ಎದುರಿಗೆ ಬಂದು ಚಕ್ರವನ್ನು ಇನ್ನೂ ದೂರ ತಳ್ಳುತ್ತದೆ. ಜೊತೆಗೆ ಅದನ್ನು ಇಡಬೇಕಾದ್ದು ನೆಲದಿಂದ ಒಂದಡಿ ಮೇಲೆ, ಕಾರಿನ ಮಡ್‌ಗಾರ್ಡ್ ಕೆಳಗೆ. ಅಂದರೆ ಬಗ್ಗಿ, ಕೈ ಮುಂದೆ ಚಾಚಿ, 20 ಕೆ.ಜಿ.ಯನ್ನು ಗಾಳಿಯಲ್ಲಿ ಹಿಡಿದು, ಬೋಲ್ಟಿನ ತೂತು ಎಲ್ಲಿದೆ ಅಂತ ತಲೆ ಓರೆ ಮಾಡಿ ಹುಡುಕಬೇಕು. ಸೊಂಟಕ್ಕೆ ಇದಕ್ಕಿಂತ ಕೆಟ್ಟ ಭಂಗಿ ನನಗೆ ಬೇರೆ ಹೊಳೆಯುವುದಿಲ್ಲ. ‘ಮಂಡಿ ಮಡಚಿ’ ಎನ್ನುವುದು ಅಕ್ಕಿ ಮೂಟೆಗೆ ಒಳ್ಳೆಯ ಸಲಹೆ. ಚಕ್ರಕ್ಕೆ ಅರ್ಧ ಮಾತ್ರ.

ನನಗೆ ಇದು ಓದಿ ಬಂದ ಬುದ್ಧಿಯಲ್ಲ. ಇಲ್ಲಿಗೆ ಬಂದ ಮೊದಲ ಚಳಿಗಾಲ, ಎಲ್ಲರೂ ಮಾಡುತ್ತಾರಲ್ಲ ಅಂತ ನಾನೂ ಚಕ್ರ ಬಿಚ್ಚಲು ಹೊರಟೆ. ಮೂರನೇ ಚಕ್ರ ಎಳೆದು, ಬಗ್ಗಿದ ಹಾಗೇ ಪಕ್ಕಕ್ಕೆ ತಿರುಗಿ ಇಡಲು ಹೋದಾಗ ಸೊಂಟದಲ್ಲಿ ಚಳಕ್ ಅಂದಿತು. ಮೂರು ದಿನ ಗೋಡೆ ಹಿಡಿದು ಬಾತ್‌ರೂಮಿಗೆ ಹೋದೆ, ನಾನೇ ಫಿಸಿಯೋಥೆರಪಿಸ್ಟು, ಯಾರಿಗೆ ಹೇಳಿಕೊಳ್ಳಲಿ! ಉಳಿದ ಚಕ್ರವನ್ನು ಪಕ್ಕದ ಮನೆಯ ಅಜ್ಜ ಹಾಕಿಕೊಟ್ಟರು. ಎಪ್ಪತ್ತು ದಾಟಿದ ಹಳೇ ಮೆಕ್ಯಾನಿಕ್. ಬಿಯರ್ ಕ್ರೇಟ್ ಒಂದನ್ನು ಬೋರಲು ಹಾಕಿ ಅದರ ಮೇಲೆ ಕೂತರು, ಚಕ್ರವನ್ನು ಉರುಳಿಸಿಕೊಂಡು ಬಂದರು, ಜಾಕಿನ ಹಿಡಿಯನ್ನು ಚೂರು ಚೂರೇ ಸಡಿಲಿಸಿದರು. ಎತ್ತಲೇ ಇಲ್ಲ! ನಾನು ಕಿಟಕಿಯಿಂದ ನೋಡುತ್ತಿದ್ದೆ, ಮೊದಲಿಗೆ ಏನಾಯಿತು ಅಂತಲೇ ಗೊತ್ತಾಗಲಿಲ್ಲ. ಚಕ್ರ ಕಾರಿಗೆ ಹೋಗಲಿಲ್ಲ, ಕಾರು ಚಕ್ರಕ್ಕೆ ಇಳಿದು ಬಂತು.

ಗುಟ್ಟು ಇಷ್ಟೇ. ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿಯ ಅಚ್ಚಿಗೆ ಎಣ್ಣೆ ಹಾಕುವಾಗ ಚಕ್ರವನ್ನು ಯಾರೂ ಎತ್ತುತ್ತಿರಲಿಲ್ಲ. ಅಚ್ಚಿಗೆ ಮರದ ಊರೆ ಕೊಟ್ಟು, ಕಡಾಣಿ ಕಿತ್ತು, ಚಕ್ರವನ್ನು ಅದು ನಿಂತಲ್ಲೇ ಹೊರಕ್ಕೆ ಎಳೆಯುತ್ತಿದ್ದರು. ಅದೇ ಬುದ್ಧಿ ಇಲ್ಲೂ.

ಕಾರನ್ನು ಜಾಕಿನಿಂದ ಎತ್ತುವಾಗ ನಾವೆಲ್ಲ ‘ಇರಲಿ’ ಅಂತ ಒಂದು ಗೇಣು ಜಾಸ್ತಿ ಎತ್ತುತ್ತೇವೆ. ಹಾಗೆ ಮಾಡಬೇಡಿ. ಟೈರು ನೆಲ ಬಿಟ್ಟು ಒಂದು ಬೆರಳು ಎದ್ದರೆ ಸಾಕು, ಒಂದೂವರೆ ಸೆಂ.ಮೀ. ಅನ್ನಿ. ಹಳೇ ಚಕ್ರ ಆ ಎತ್ತರದಿಂದ ಇಳಿದರೆ ಅದಕ್ಕೇನೂ ಆಗುವುದಿಲ್ಲ, ನಿಮಗೂ ಹಿಡಿಯಬೇಕಾದ ಕಷ್ಟ ಇಲ್ಲ. ಹೊಸ ಚಕ್ರದ ಅಡ್ಡಳತೆ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಅದನ್ನು ಉರುಳಿಸಿ ಹಬ್ಬಿನ (ಕಾರಿನಲ್ಲಿ ಚಕ್ರ ಕೂರುವ ನಡುಭಾಗ, ಇಂಗ್ಲಿಷಿನ hub) ಎದುರು ನಿಲ್ಲಿಸಿದರೆ ತೂತುಗಳು ಬಹುತೇಕ ಸರಿಯಾದ ಎತ್ತರಕ್ಕೇ ಬಂದಿರುತ್ತವೆ. ಉಳಿದ ಒಂದು ಸೆಂ.ಮೀ.ಗೆ ಎರಡು ದಾರಿ. ಜಾಕನ್ನು ಚೂರು ಇಳಿಸಿ ಹಬ್ಬನ್ನೇ ಕೆಳಕ್ಕೆ ತರುವುದು ಒಂದು. ಚಕ್ರದ ಕೆಳಗೆ ಹಲಗೆಯನ್ನೋ ಗುದ್ದಲಿಯ ಅಲಗನ್ನೋ ಹಾಕಿ, ಸನ್ನೆಗೋಲಿನ ಹಾಗೆ ಮೀಟುವುದು ಇನ್ನೊಂದು. ಹಿಮ ಬಾಚುವ ಸಲಿಕೆ ಹೇಗೂ ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆ. ಅದೂ ಇಲ್ಲದಿದ್ದರೆ ನಿಮ್ಮ ಪಾದವೇ ಸನ್ನೆಗೋಲು. ತಗ್ಗಿನ ಸ್ಟೂಲಿನ ಮೇಲೆ ಚಕ್ರಕ್ಕೆ ಮುಖ ಮಾಡಿ ಕೂತು, ಗಟ್ಟಿ ಶೂ ಹಾಕಿದ ಎರಡೂ ಪಾದದ ತುದಿಯನ್ನು ಟೈರಿನ ಅಡಿಗೆ ಸೇರಿಸಿ, ಹಿಮ್ಮಡಿ ನೆಲದಲ್ಲೇ ಇಟ್ಟು ಬೆರಳು ಮೇಲೆತ್ತಿ. ಕೈ ಚಕ್ರವನ್ನು ಬೀಳದ ಹಾಗೆ ಹಿಡಿದಿದ್ದರೆ ಸಾಕು, ಎತ್ತುವುದು ಪಾದ.

ಇದಕ್ಕೆ ಕಾರಿನ ಜೊತೆ ಬರುವ ಕತ್ತರಿ ಜಾಕ್ ಆಗಿಬರುವುದಿಲ್ಲ. ಅದು ದಾರಿಯಲ್ಲಿ ಪಂಚರ್ ಆದಾಗಿನ ಆಪತ್ಕಾಲಕ್ಕೆ. ಅದನ್ನು ತಿರುಗಿಸುವುದೇ ಬಗ್ಗಿಕೊಂಡು ಮಾಡುವ ಇನ್ನೊಂದು ವ್ಯಾಯಾಮ. ಚಕ್ರ ಇರುವ ಹೈಡ್ರಾಲಿಕ್ ಟ್ರಾಲಿ ಜಾಕ್ ತಗೊಳ್ಳಿ, ನಿಂತು ಹಿಡಿ ಒತ್ತಿದರೆ ಏರುತ್ತದೆ, ತಿರುಗಿಸಿದರೆ ಮೆಲ್ಲಗೆ ಇಳಿಯುತ್ತದೆ. ಕೊಳ್ಳುವಾಗ ಜಾಕಿನ ತೂಕವನ್ನೂ ನೋಡಿ. ಮೂರು ಟನ್ನಿನ ಕೆಲವು ಜಾಕುಗಳೇ 30 ಕೆ.ಜಿ. ದಾಟುತ್ತವೆ. ಬೆನ್ನು ಉಳಿಸಲು ತಂದ ಜಾಕನ್ನು ಕೆಲ್ಲರ್‌ನಿಂದ ಹೊತ್ತು ತರುವಾಗಲೇ ಬೆನ್ನು ಹೋದರೆ ಏನು ಬಂತು!

ಸುರಕ್ಷತೆಯ ಮಾತು ಬೇಗ ಮುಗಿಸುತ್ತೇನೆ, ಆದರೆ ಬಿಡುವಂತಿಲ್ಲ. ನೆಲ ಗಟ್ಟಿಯಾಗಿ, ಸಮನಾಗಿರಲಿ. ಹ್ಯಾಂಡ್‌ಬ್ರೇಕ್ ಹಾಕಿ, ಗೇರಿನಲ್ಲಿ ಇಡಿ, ಓರೆಯಾಗಿ ಎದುರಿರುವ ಚಕ್ರಕ್ಕೆ ತಡೆಗಟ್ಟೆ ಕೊಡಿ. ಮ್ಯಾನ್ಯುಯಲ್‌ನಲ್ಲಿ ತೋರಿಸಿದ ಜಾಗಕ್ಕೇ ಜಾಕ್ ಕೊಡಿ. ಪಕ್ಕದಲ್ಲಿ ಒಂದು ಸ್ಟ್ಯಾಂಡ್ ಇರಲಿ, ಭಾರ ಜಾಕ್ ಹೊತ್ತಿರಲಿ, ಜಾಕ್ ಕೈಕೊಟ್ಟರೆ ಹಿಡಿಯಲು ಸ್ಟ್ಯಾಂಡು. ಮೈಯ ಯಾವ ಭಾಗವೂ ಕಾರಿನ ಕೆಳಗೆ ಹೋಗಬಾರದು. ಆ ಪಾದದ ಉಪಾಯದಲ್ಲೂ ಪಾದದ ತುದಿ ಟೈರಿನ ಅಡಿಯಲ್ಲಿ ಮಾತ್ರ.

ಇನ್ನು ಬೋಲ್ಟು. ಜಪಾನಿ, ಕೊರಿಯಾ ಕಾರುಗಳಲ್ಲಿ ಹಬ್ಬಿನಿಂದಲೇ ಮೊಳೆಗಳು ಹೊರಗೆ ಚಾಚಿರುತ್ತವೆ, ಚಕ್ರವನ್ನು ಅದಕ್ಕೆ ನೇತುಹಾಕಿ ನಟ್ ಬಿಗಿದರಾಯಿತು. ಜರ್ಮನ್ ಕಾರುಗಳಲ್ಲಿ ಆ ಸುಖ ಇಲ್ಲ. ಹಬ್ಬಿನಲ್ಲಿ ಬರೀ ತೂತು. ಚಕ್ರ ಹಿಡಿದುಕೊಂಡೇ ಬೋಲ್ಟ್ ತೂರಿಸಬೇಕು. ನಿಮ್ಮ ನೋವಿನ ಅರ್ಧ ಭಾಗ ಇಲ್ಲೇ ಇದೆ ಅಂತ ನನ್ನ ಅನುಮಾನ. ಇದಕ್ಕೆ ಗೈಡ್ ಪಿನ್ ಅಂತ ಬರುತ್ತದೆ, ತಲೆ ಇಲ್ಲದ ಉದ್ದನೆಯ ಬೋಲ್ಟಿನ ಹಾಗೆ. ಕೆಲವು ಕಾರುಗಳ ಟೂಲ್ ಕಿಟ್ಟಿನಲ್ಲೇ ಪ್ಲಾಸ್ಟಿಕ್‌ದು ಒಂದು ಇರುತ್ತದೆ, ಯಾರೂ ಅದನ್ನು ಏನು ಅಂತ ಕೇಳುವುದಿಲ್ಲ. ಅಂಗಡಿಯಲ್ಲಿ ಕಬ್ಬಿಣದ್ದು ಎರಡು ತಗೊಳ್ಳಿ, ನಿಮ್ಮ ಗಾಲ್ಫಿಗೆ ಎಂ14, ಅಂದರೆ 14 ಮಿ.ಮೀ. ದಪ್ಪ, 1.5 ಮಿ.ಮೀ. ಅಂತರದ ಮರೆ (ತಿರುಪಿನ ಸುತ್ತು). ಎಸ್‌ಯುವಿಯದು ಬೇರೆ ಇರಬಹುದು, ಮ್ಯಾನ್ಯುಯಲ್ ನೋಡಿ. ಮೇಲಿನ ಬೋಲ್ಟನ್ನು ಮೊದಲು ಬಿಚ್ಚಿ, ಅಲ್ಲಿ ಪಿನ್ ತಿರುಗಿಸಿ, ಆಮೇಲೆ ಉಳಿದ ನಾಲ್ಕು ಬಿಚ್ಚಿ. ಚಕ್ರ ಪಿನ್ನಿಗೆ ನೇತಾಡುತ್ತದೆ, ನಿಮ್ಮ ಕೈಗಲ್ಲ. ಜಾಕ್ ಚೂರು ಇಳಿಸಿ ಟೈರು ನೆಲ ಮುಟ್ಟಿದ ಮೇಲೆ ನಿಧಾನವಾಗಿ ಹೊರಕ್ಕೆ ಎಳೆದುಕೊಳ್ಳಿ. ಹೊಸ ಚಕ್ರ ಹಾಕುವಾಗಲೂ ಒಂದು ತೂತು ಪಿನ್ನಿಗೆ ಸೇರಿದರೆ ಮುಗಿಯಿತು, ಉಳಿದದ್ದು ಜಾರಿಕೊಂಡು ಹೋಗಿ ಕೂರುತ್ತದೆ.

ಬೋಲ್ಟ್ ಸಡಿಲಿಸುವುದು ಕಾರು ಎತ್ತುವ ಮೊದಲು, ಚಕ್ರ ನೆಲದಲ್ಲಿರುವಾಗ. ಅರ್ಧ ಸುತ್ತು ಸಾಕು. ಇಲ್ಲಿ ಸೊಂಟ ಉಳುಕಿಸಿಕೊಳ್ಳುವವರು ಬಹಳ ಜನ, ಯಾಕೆಂದರೆ ಪಾನಾವನ್ನು, ಅಂದರೆ ಸ್ಪ್ಯಾನರನ್ನು, ಕೆಳಗಿನಿಂದ ಮೇಲಕ್ಕೆ ಜಗ್ಗುತ್ತಾರೆ. ಲೆಕ್ಕ ನೋಡಿ. ಗಾಲ್ಫಿನ ಬೋಲ್ಟು ಬಿಗಿಯುವುದು 120 ನ್ಯೂಟನ್ ಮೀಟರಿಗೆ (ತಿರುಗಿಸುವ ಬಲದ ಅಳತೆ ಅದು). ಕಾರಿನ ಜೊತೆ ಬರುವ 25 ಸೆಂ.ಮೀ. ಪಾನಾದಲ್ಲಿ ಅಷ್ಟು ಬರಬೇಕಾದರೆ ತುದಿಯಲ್ಲಿ 49 ಕೆ.ಜಿ. ಭಾರದಷ್ಟು ಒತ್ತಬೇಕು. 60 ಸೆಂ.ಮೀ. ಉದ್ದದ ಹಿಡಿ ಇದ್ದರೆ 20 ಕೆ.ಜಿ. ಸಾಕು. ತುಕ್ಕು ಹಿಡಿದಿದ್ದರೆ ಇನ್ನೂ ಜಾಸ್ತಿ ಬೇಕು, ಆದರೆ ಅನುಪಾತ ಅದೇ. ಹಾಗಾಗಿ ಉದ್ದದ ಹಿಡಿ, ಮತ್ತು ಯಾವಾಗಲೂ ಕೆಳಕ್ಕೆ ಒತ್ತುವ ಹಾಗೆ. ಬಿಚ್ಚುವಾಗ ಹಿಡಿ ನಿಮ್ಮ ಎಡಕ್ಕೆ, ಗಡಿಯಾರದ ಒಂಬತ್ತರ ಜಾಗಕ್ಕೆ ಬರಲಿ. ಬಿಗಿಯುವಾಗ ಬಲಕ್ಕೆ, ಮೂರರ ಜಾಗಕ್ಕೆ. ಕೈ ನೇರ ಇಟ್ಟು ಮೈಭಾರ ಬಿಡಿ. ಹತ್ತಿ ನಿಂತು ಕುಣಿಯಬೇಡಿ. ಅದು ಜಾರಿದರೆ ಸೊಂಟ ಮಾತ್ರವಲ್ಲ, ಮೊಳಕಾಲ ಚಿಪ್ಪೂ ಹೋಗುತ್ತದೆ. ಟಾರ್ಕ್ ರೆಂಚನ್ನು, ಅಂದರೆ ಗೊತ್ತು ಮಾಡಿದಷ್ಟು ಬಿಗಿಯಾದ ಕೂಡಲೇ ‘ಕಟ್’ ಅನ್ನುವ ಪಾನಾವನ್ನು, ಬಿಚ್ಚಲು ಬಳಸಬೇಡಿ, ಅದು ಬಿಗಿಯುವುದಕ್ಕೆ ಮಾತ್ರ. ಬ್ಯಾಟರಿ ಇಂಪ್ಯಾಕ್ಟ್ ರೆಂಚ್ ಇದ್ದರೆ ಬಿಚ್ಚಲು ಹಾಯಾಗಿರುತ್ತದೆ, ಆದರೆ ಹಾಕುವಾಗ ಮೊದಲ ಮರೆಗಳನ್ನು ಕೈಯಲ್ಲೇ ತಿರುಗಿಸಿ, ಕೊನೆಯ ಬಿಗಿ ಟಾರ್ಕ್ ರೆಂಚಿನಿಂದಲೇ.

ಬೋಲ್ಟ್ ಎಲ್ಲ ಬಿಚ್ಚಿದ ಮೇಲೂ ಚಕ್ರ ಹಬ್ಬಿಗೆ ಅಂಟಿಕೊಂಡು ಕೂತಿರುತ್ತದಲ್ಲ, ಉಪ್ಪು ಹಾಕಿದ ರಸ್ತೆಗಳ ಪ್ರಸಾದ ಅದು. ಆಗ ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಜಗ್ಗುವುದು ಎಲ್ಲಕ್ಕಿಂತ ಅಪಾಯ. ಅದು ಇದ್ದಕ್ಕಿದ್ದ ಹಾಗೆ ಬಿಡುತ್ತದೆ, ನೀವು 20 ಕೆ.ಜಿ. ಸಮೇತ ಹಿಂದಕ್ಕೆ ವಾಲುತ್ತೀರಿ. ಸ್ಟ್ಯಾಂಡ್ ಇದೆಯೇ ಅಂತ ಖಾತ್ರಿ ಮಾಡಿಕೊಂಡು, ಎರಡು ಬೋಲ್ಟನ್ನು ಮತ್ತೆ ಕೆಲವು ಮರೆಯಷ್ಟು ತಿರುಗಿಸಿಟ್ಟು, ಸ್ಟೂಲಿನ ಮೇಲೆ ಕೂತು ಹಿಮ್ಮಡಿಯಿಂದ ಟೈರಿನ ಅಂಚಿಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಒದೆಯಿರಿ. ರಬ್ಬರ್ ಸುತ್ತಿಗೆಯೂ ಆಗುತ್ತದೆ. ಬಿಟ್ಟ ಮೇಲೆ ಹಬ್ಬಿನ ತುಕ್ಕನ್ನು ತಂತಿ ಬ್ರಶ್ಶಿನಿಂದ ಉಜ್ಜಿ, ನಡುವಿನ ಉಬ್ಬಿಗೆ ಮಾತ್ರ ಸೆರಾಮಿಕ್ ಪೇಸ್ಟು ತೆಳ್ಳಗೆ ಹಚ್ಚಿ. ಬೋಲ್ಟಿಗೆ, ಮರೆಗೆ, ಬ್ರೇಕಿಗೆ ತಾಗಬಾರದು. ಐದು ನಿಮಿಷದ ಈ ಕೆಲಸ ಈಸ್ಟರ್‌ನಲ್ಲಿ ನಿಮ್ಮ ಸೊಂಟಕ್ಕೆ ಸಲ್ಲುತ್ತದೆ.

ಕೂರುವುದು ಹೇಗೆ ಅಂತ ನಮಗೆ ಯಾರೂ ಕಲಿಸಬೇಕಿಲ್ಲ. ಕುಕ್ಕರಗಾಲಿನಲ್ಲಿ ಕೂತು ಬೆಳೆದವರು ನಾವು. ಆದರೆ 44ಕ್ಕೆ, ಕುರ್ಚಿಯ ಮೇಲೆ ಇಪ್ಪತ್ತು ವರ್ಷ ಕಳೆದ ಮೇಲೆ, ಹಾಗೆ ಕೂತರೆ ಬೆನ್ನಿನ ಕೆಳಭಾಗ ಗುಂಡಗಾಗುತ್ತದೆ. ನಾನು ಊರಿನಿಂದ ತಂದ ಮಣೆಯನ್ನು ಮೊದಲು ಬಳಸಿದೆ, ಅದು ತೀರಾ ತಗ್ಗಾಯಿತು. ಈಗ ಬಿಯರ್ ಕ್ರೇಟೇ ಗತಿ, ಅಜ್ಜನ ಹಾಗೆ. ಇಲ್ಲದಿದ್ದರೆ ತೋಟದ ಕೆಲಸಕ್ಕೆ ಬರುವ ದಪ್ಪ ಫೋಮಿನ ಮೇಲೆ ಒಂದು ಮಂಡಿ ಊರಿ, ಇನ್ನೊಂದು ಪಾದ ಮುಂದಿಟ್ಟು ಕೂರಿ. ಏಳುವಾಗ ಮುಂದಿನ ತೊಡೆಯ ಮೇಲೆ ಕೈ ಊರಿ ಏಳಿ. ಮುಖ್ಯ ಏನೆಂದರೆ ಕೆಲಸ ನಿಮ್ಮ ಎದುರಿಗೇ ಇರಬೇಕು. ಬಿಚ್ಚಿದ ಚಕ್ರವನ್ನು ಪಕ್ಕಕ್ಕೆ ಇಡಬೇಕಾದರೆ ಸೊಂಟ ತಿರುಚಬೇಡಿ, ಎದ್ದು ಚಕ್ರ ಉರುಳಿಸಿಕೊಂಡು ಹೋಗಿ.

ಕೆಲ್ಲರಿನ ಮೆಟ್ಟಿಲು ನಿಜವಾದ ತಲೆನೋವು. ಅದಕ್ಕೆ ನಾಜೂಕಾದ ಉಪಾಯ ಇಲ್ಲ. ಮೆಟ್ಟಿಲು ಹತ್ತುವ ಕೈಗಾಡಿ ಸಿಗುತ್ತದೆ, ಒಂದೊಂದು ಕಡೆ ಮೂರು ಮೂರು ಗಾಲಿ ನಕ್ಷತ್ರದ ಹಾಗೆ ಇರುತ್ತವೆ. ನೀವು ಮೇಲೆ ಹಿಮ್ಮುಖವಾಗಿ ಹತ್ತುತ್ತಾ ಒಂದೊಂದೇ ಮೆಟ್ಟಿಲು ಎಳೆದುಕೊಳ್ಳಬೇಕು. ಒಂದು ಸಲಕ್ಕೆ ಒಂದೇ ಚಕ್ರ, ಬೆಲ್ಟ್ ಬಿಗಿದು. ಆ ಸೊಂಟದ ಬೆಲ್ಟ್ ಹೇಗೂ ತಗೊಂಡಿದ್ದೀರಲ್ಲ, ಅದನ್ನು ಇಲ್ಲಿ ಬಳಸಿ! ತಮಾಷೆಗೆ ಹೇಳಿದೆ, ಆದರೆ ಬೆಲ್ಟ್ ಕಟ್ಟಿಕೊಂಡರೆ ಆರೋಗ್ಯವಂತರ ಬೆನ್ನಿಗೆ ಗಾಯ ತಪ್ಪುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಕಟ್ಟಿದ ಧೈರ್ಯಕ್ಕೆ ಜನ ಇನ್ನಷ್ಟು ಎತ್ತುತ್ತಾರೆ ಅನ್ನುವುದು ನಾನು ಕಂಡದ್ದು.

ಕೆಳಗೆ ಇಟ್ಟಾಗ ನಾಲ್ಕನ್ನೂ ಒಂದರ ಮೇಲೊಂದು ಪೇರಿಸುತ್ತೀರಿ ಅಂತ ಊಹಿಸುತ್ತೇನೆ. ನಾಲ್ಕು ಪೇರಿಸಿದರೆ 80 ಸೆಂ.ಮೀ. ದಾಟುತ್ತದೆ, ಕೊನೆಯದನ್ನು ಮೈಯಿಂದ ದೂರ ಹಿಡಿದೇ ಎತ್ತಬೇಕು. ಎರಡೆರಡು ಪೇರಿಸಿ, ಜಾಗ ಹೋದರೆ ಹೋಗಲಿ. ಕಂಬಕ್ಕೆ ಒಂದೊಂದಾಗಿ ಏರಿಸುವ ಸ್ಟ್ಯಾಂಡು ಟೈರಿಗೆ ಒಳ್ಳೆಯದು, ಬೆನ್ನಿಗಲ್ಲ.

ನನ್ನನ್ನು ಕೇಳಿದರೆ ಎಸ್‌ಯುವಿಯ ಚಕ್ರಗಳನ್ನು ಟೈರ್ ಅಂಗಡಿಯಲ್ಲೇ ಇಡಿ. ಇಲ್ಲಿ ಅದಕ್ಕೆ ಟೈರ್ ಹೋಟೆಲ್ ಅಂತಲೇ ಹೆಸರು. ಅವರೇ ಇಟ್ಟುಕೊಂಡು ಅವರೇ ಬದಲಾಯಿಸುತ್ತಾರೆ. ಗಾಲ್ಫನ್ನು ನೀವು ಮಾಡಿ. ಮನೆಯವರ ಮಾತೂ ಉಳಿಯಿತು, ನಿಮ್ಮ ಹಟವೂ ಉಳಿಯಿತು. ಒಟ್ಟು ಭಾರ ಅರ್ಧಕ್ಕಿಂತ ಕೆಳಗೆ ಬಂತು. ಗಾಲ್ಫ್ ಬರೀ ಊರೊಳಗೆ ಓಡುವುದಾದರೆ, ಟೈರು ಹೇಗೂ ಸವೆದಿದ್ದರೆ, ಮುಂದಿನ ಸಲ ಹಿಮದ ಗುರುತಿರುವ ಆಲ್ ಸೀಸನ್ ಟೈರ್ ಹಾಕಿಸುವುದನ್ನೂ ಯೋಚಿಸಿ. ಆಲ್ಪ್ಸ್ ಕಡೆ ಸ್ಕೀಯಿಂಗಿಗೆ ಹೋಗುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಸಮಯದ ವಿಷಯ ಒಂದು ಉಳಿಯಿತು. ಶನಿವಾರ ಬೆಳಿಗ್ಗೆ ಎದ್ದ ಕೂಡಲೇ ಶುರು ಮಾಡುತ್ತೀರಾ? ಬೇಡ. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿಕೊಂಡು ಉಬ್ಬುತ್ತವೆ. ಅದೇ ಉಲ್ಮ್ ಪ್ರಯೋಗದಲ್ಲಿ ಏಳು ಗಂಟೆಯ ನಿದ್ದೆಯಲ್ಲಿ ಡಿಸ್ಕಿನ ಒತ್ತಡ 1 ಬಾರಿನಿಂದ 2.4ಕ್ಕೆ ಏರಿತ್ತು. ಬೆಳಿಗ್ಗೆ ಬಗ್ಗಿದರೆ ಬಿಗಿ ಅನ್ನಿಸುವುದು ಅದಕ್ಕೇ. ತಿಂಡಿ ತಿಂದು, ಸಂತೆಗೋ ಬೇಕರಿಗೋ ನಡೆದು ಹೋಗಿ ಬಂದು, ಹನ್ನೊಂದರ ಮೇಲೆ ಶುರು ಮಾಡಿ. ಮುಂದಿನ ಎರಡು ಚಕ್ರ ಶನಿವಾರ, ಹಿಂದಿನ ಎರಡು ಭಾನುವಾರ ಅಂತ ಮಾಡೋಣ ಅಂದರೆ, ಇದು ಜರ್ಮನಿ, ಭಾನುವಾರ ಸುತ್ತಿಗೆ ಸದ್ದು ಕೇಳಿದರೆ ಪಕ್ಕದವರು ಸುಮ್ಮನಿರುವುದಿಲ್ಲ. ಶುಕ್ರವಾರ ಸಂಜೆ ಚಕ್ರಗಳನ್ನು ಮೇಲೆ ತಂದಿಡಿ, ಶನಿವಾರ ಬದಲಾಯಿಸಿ, ಬಿಚ್ಚಿದ್ದನ್ನು ಸೋಮವಾರ ಕೆಳಗಿಳಿಸಿ. ಇಷ್ಟಾಗಿಯೂ ಮಾರನೇ ದಿನ ಬಿಗಿ ಅನ್ನಿಸಿದರೆ ಹಾಸಿಗೆ ಹಿಡಿಯಬೇಡಿ. ಬಿಸಿನೀರಿನ ಚೀಲ ಇಟ್ಟುಕೊಳ್ಳಿ, ಆಗಾಗ ಎದ್ದು ನಡೆಯಿರಿ. ಮಲಗಿದಷ್ಟೂ ಅದು ಬಿಡುವುದು ತಡ.

ಇನ್ನು ನಿಮ್ಮ ಅಪ್ಪ. ಬೇಡ ಅನ್ನಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ. ಎತ್ತುವ ಕೆಲಸ ಕೊಡಬೇಡಿ ಅಷ್ಟೆ. ಅವರಿಗೆ ಒಂದು ಕುರ್ಚಿ ಹಾಕಿ, ಕೈಗೆ ಸೀಮೆಸುಣ್ಣ ಕೊಡಿ. ಬಿಚ್ಚಿದ ಪ್ರತಿ ಚಕ್ರದ ಮೇಲೆ ಮುಂದೆ-ಎಡ, ಹಿಂದೆ-ಬಲ ಅಂತ ಬರೆಯುವುದು, ಹೊಸ ಟೈರಿನ ಬಾಣದ ಗುರುತು ಮುಂದಕ್ಕೇ ಇದೆಯಾ ನೋಡುವುದು, ಬೋಲ್ಟುಗಳನ್ನು ಎಣಿಸಿ ಡಬ್ಬಿಗೆ ಹಾಕುವುದು, ನೀವು ಪಿನ್ನಿಗೆ ಚಕ್ರ ಸೇರಿಸುವಾಗ ‘ಇನ್ನೊಂಚೂರು ಇಳಿಸು’ ಅನ್ನುವುದು, ಇವೆಲ್ಲ ಅವರ ಇಲಾಖೆ. ಆ ಕೊನೆಯ ಕೆಲಸಕ್ಕೆ ಇನ್ನೊಂದು ಜೊತೆ ಕಣ್ಣು ನಿಜವಾಗಿಯೂ ಬೇಕು, ನೀವು ಬಗ್ಗಿ ಇಣುಕುವುದು ತಪ್ಪುತ್ತದೆ. ಬೋಲ್ಟುಗಳನ್ನು ನಕ್ಷತ್ರದ ಆಕಾರದಲ್ಲಿ ಒಂದು ಬಿಟ್ಟು ಒಂದು ಬಿಗಿಯುವಾಗ ಟಾರ್ಕ್ ರೆಂಚ್ ‘ಕಟ್’ ಅಂದದ್ದನ್ನು ಅವರೇ ಎಣಿಸಲಿ, ಒಂದು ಚಕ್ರಕ್ಕೆ ಐದು, ನಾಲ್ಕಕ್ಕೆ ಇಪ್ಪತ್ತು.

50ರಿಂದ 100 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡಬೇಕು. ಮಾರನೇ ದಿನ ಅಪ್ಪನನ್ನು ಕೂರಿಸಿಕೊಂಡು ಟ್ಯೂಬಿಂಗೆನ್ ತೋರಿಸಿಕೊಂಡು ಬನ್ನಿ, ಹೋಗಿ ಬಂದರೆ ಹತ್ತಿರ ಹತ್ತಿರ ಅಷ್ಟಾಗುತ್ತದೆ. ಬಂದು, ಚಕ್ರ ತಣ್ಣಗಾಗಲು ಬಿಟ್ಟು, ಒಂದು ಕಾಫಿ ಕುಡಿದು, ಆ ಇಪ್ಪತ್ತು ‘ಕಟ್’ಗಳನ್ನು ಇನ್ನೊಮ್ಮೆ ಎಣಿಸಿಕೊಳ್ಳಿ.